ಗಿಟಾರ್ ಕೆಳಗಿಡದೆ ರೆಕಾರ್ಡಿಂಗ್: ರೀಪರ್‌ನಲ್ಲಿ ನನ್ನದೇ ಶಾರ್ಟ್‌ಕಟ್‌ಗಳು

ನಾನು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಒಬ್ಬನೇ ಕೂತು ರೆಕಾರ್ಡ್ ಮಾಡುವವನು. ಹಾಡುವುದೂ ನಾನೇ, ಗಿಟಾರ್ ನುಡಿಸುವುದೂ ನಾನೇ, ಕಂಪ್ಯೂಟರ್ ನೋಡಿಕೊಳ್ಳುವುದೂ ನಾನೇ. ಮೈಕ್ ಕೋಣೆಯ ಒಂದು ಕಡೆ, ಕೀಬೋರ್ಡ್ ಇನ್ನೊಂದು ಕಡೆ. ನಡುವೆ ಎರಡೇ ಹೆಜ್ಜೆ. ಆದರೆ ಪ್ರತಿ ಸಲ ತಪ್ಪಿದಾಗ ಗಿಟಾರ್ ಪಕ್ಕಕ್ಕಿಡಬೇಕು, ಎದ್ದು ಹೋಗಬೇಕು, ನಿಲ್ಲಿಸಬೇಕು, ಅಳಿಸಬೇಕು, ಮತ್ತೆ ಬಂದು ಕೂರಬೇಕು. ಅಷ್ಟರಲ್ಲಿ ಹಾಡಿನ ಗುಂಗು ಹೋಗಿರುತ್ತದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ಸಂಜೆ ಸುಮ್ನೆ ಲೆಕ್ಕ ಹಾಕೋಣ ಅನ್ನಿಸಿತು. ಒಂದು ಹಾಳೆ ತೆಗೆದುಕೊಂಡು, ಯಾವ ಕೆಲಸಕ್ಕೆ ಎಷ್ಟು ಸಲ ಕೀಬೋರ್ಡ್ ಅಥವಾ ಮೌಸ್ ಮುಟ್ಟಿದೆ ಎಂದು ಗೀಟು ಎಳೆಯುತ್ತಾ ಹೋದೆ. ಒಂದೇ ಹಾಡು, ಎರಡು ಗಂಟೆ. ಮತ್ತೆ ಮೊದಲಿಂದ ಶುರು ಮಾಡಿದ್ದು 34 ಸಲ. ಪ್ರತಿ ಸಲಕ್ಕೂ ಐದು ಕೆಲಸ: ನಿಲ್ಲಿಸು, ಎದುರಿಗೆ ಬರುವ ಪೆಟ್ಟಿಗೆಯಲ್ಲಿ ಅಳಿಸು ಎಂದು ಹೇಳು, ಮೌಸ್‌ನಿಂದ ಟ್ರ್ಯಾಕ್ (ಒಂದು ದನಿಯ ಸಾಲು) ಆಯ್ದುಕೋ, ಕರ್ಸರ್ ಜಾಗಕ್ಕೆ ತಂದಿಡು, ರೆಕಾರ್ಡ್ ಒತ್ತು. ಅಂದರೆ ಕೀಬೋರ್ಡ್, ಮೌಸ್ ಮುಟ್ಟಿದ್ದೇ 170 ಸಲ. ಎರಡನೇ ಸಾಲಿನಲ್ಲಿ ಮಾರ್ಕರ್, ಅಂದರೆ ಹಾಡಿನ ಒಂದು ಜಾಗಕ್ಕೆ ಗುರುತು, ಹಾಕಿದ್ದು 22 ಸಲ. ತಾಳಕ್ಕೆ ಟಕ್ ಟಕ್ ಎನ್ನುವ ಮೆಟ್ರೊನೋಮ್ ಆನ್, ಆಫ್ ಮಾಡಿದ್ದು 9. ಮಿಕ್ಕಿದ್ದೆಲ್ಲ ಒಂದೆರಡು ಸಲ ಅಷ್ಟೆ.

ಈ ಹಾಳೆಯೇ ಇಡೀ ಕೆಲಸದ ನಕ್ಷೆ ಆಯಿತು. ಶಾರ್ಟ್‌ಕಟ್ ಕಟ್ಟಲು ಕೂರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪಟ್ಟಿ ತೆರೆದು ಇದಕ್ಕೊಂದು ಕೀ, ಅದಕ್ಕೊಂದು ಕೀ ಎಂದು ಕೊಡುತ್ತಾ ಹೋದರೆ ಐವತ್ತು ಶಾರ್ಟ್‌ಕಟ್ ಆಗುತ್ತವೆ, ಐದೂ ನೆನಪಿರುವುದಿಲ್ಲ. ಮೊದಲು ನಿಮ್ಮ ಕೈ ಏನು ಮಾಡುತ್ತಿದೆ ನೋಡಿ.

ಹೆಸರಲ್ಲ, ಜಾಗ

ನಾನು ಬಳಸುವುದು ರೀಪರ್. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕೀ ಒತ್ತಿದರೆ ಆ್ಯಕ್ಷನ್ ಲಿಸ್ಟ್ ತೆರೆಯುತ್ತದೆ. ಸಾಫ್ಟ್‌ವೇರ್ ಮಾಡಬಲ್ಲ ಪ್ರತಿಯೊಂದು ಕೆಲಸಕ್ಕೂ ಅಲ್ಲಿ ಒಂದು ಸಾಲು ಇದೆ. ಸಾವಿರಾರು ಸಾಲುಗಳು. ಮೇಲಿರುವ ಫಿಲ್ಟರ್ ಪೆಟ್ಟಿಗೆಯಲ್ಲಿ ಒಂದೆರಡು ಪದ ಟೈಪ್ ಮಾಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಬೇಕಾದ ಸಾಲು ಆರಿಸಿ, ಕೆಳಗಿನ ಆ್ಯಡ್ ಒತ್ತಿ, ಕೀ ಒತ್ತಿದರೆ ಮುಗಿಯಿತು. ಆ ಕೀ ಬೇರೆ ಕೆಲಸಕ್ಕೆ ಮೊದಲೇ ಕಟ್ಟಿದ್ದರೆ ಕೇಳುತ್ತದೆ. ಇದರಲ್ಲೇ ಫೈಂಡ್ ಶಾರ್ಟ್‌ಕಟ್ ಎಂಬ ಗುಂಡಿಯೂ ಇದೆ. ಅದನ್ನು ಒತ್ತಿ ಯಾವುದಾದರೂ ಕೀ ಒತ್ತಿದರೆ ಆ ಕೀ ಈಗ ಏನು ಮಾಡುತ್ತಿದೆ ಎಂದು ತೋರಿಸುತ್ತದೆ. ಹೊಸ ಕೀ ಕೊಡುವ ಮೊದಲು ನಾನು ಇದನ್ನು ತಪ್ಪದೆ ನೋಡುತ್ತೇನೆ.

ಮೊದಲೇ ಬರುವ ಶಾರ್ಟ್‌ಕಟ್‌ಗಳು ಹೆಚ್ಚಿನವು ಇಂಗ್ಲಿಷ್ ಹೆಸರಿನ ಮೊದಲ ಅಕ್ಷರದ ಮೇಲೆ ನಿಂತಿವೆ. ತುಂಡು ಮಾಡಲು ಎಸ್, ಮಾರ್ಕರ್‌ಗೆ ಎಂ, ರಿಪೀಟ್‌ಗೆ ಆರ್. ಕಂಪ್ಯೂಟರ್ ಮುಂದೆ ಕೂತಾಗ ಇದು ಚೆನ್ನಾಗಿಯೇ ಇದೆ. ಆದರೆ ಹಾಡುತ್ತಿರುವಾಗ ತಲೆಯಲ್ಲಿ ಸಾಹಿತ್ಯ ಓಡುತ್ತಿರುತ್ತದೆ. ಅದರ ಮಧ್ಯೆ ಇನ್ನೊಂದು ಅಕ್ಷರ ಹುಡುಕುವುದು ಕಷ್ಟ. ಆಗ ಬೇಕಾಗುವುದು ಜಾಗದ ನೆನಪು. ಕತ್ತಲಲ್ಲಿ ಮನೆಯ ಸ್ವಿಚ್ ಮೇಲೆ ಕೈ ಹೋಗುತ್ತದಲ್ಲ, ಹಾಗೆ.

ಇದನ್ನು ನನಗೆ ತೋರಿಸಿಕೊಟ್ಟಿದ್ದು ಒಂದು ಹಳೆಯ ಪ್ಲೇಯರ್. 1997ರಲ್ಲಿ ಬಂದ ವಿನ್‌ಆ್ಯಂಪ್ ನೆನಪಿದೆಯಾ? ಅದರಲ್ಲಿ ಕೀಬೋರ್ಡಿನ ಕೆಳಗಿನ ಸಾಲಿನ ಐದು ಕೀಗಳು, ಝಡ್, ಎಕ್ಸ್, ಸಿ, ವಿ, ಬಿ, ಇವಕ್ಕೆ ಹಿಂದಿನ ಹಾಡು, ಪ್ಲೇ, ಪಾಸ್, ಸ್ಟಾಪ್, ಮುಂದಿನ ಹಾಡು ಎಂದು ಅದೇ ಕ್ರಮದಲ್ಲಿ ಕಟ್ಟಿದ್ದರು. ಪರದೆಯ ಮೇಲಿನ ಗುಂಡಿಗಳ ಸಾಲೂ ಅದೇ. ಅಕ್ಷರಕ್ಕೂ ಕೆಲಸಕ್ಕೂ ಸಂಬಂಧವೇ ಇಲ್ಲ. ಆದರೂ ಒಂದು ವಾರದಲ್ಲಿ ಬೆರಳಿಗೆ ಕೂತುಬಿಡುತ್ತಿತ್ತು. ಆ ವಿನ್‌ಆ್ಯಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಮುಂದೆ ರೀಪರ್ ಶುರು ಮಾಡಿದ್ದು. ಇದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಹಾಗಾಗಿ ಒಂದು ಯುಎಸ್‌ಬಿ ನಂಬರ್ ಪ್ಯಾಡ್ ತಂದೆ. ದೊಡ್ಡ ಕೀಬೋರ್ಡಿನ ಬಲತುದಿಯ ಅಂಕಿಗಳ ಭಾಗ ಮಾತ್ರ ಇರುವ ಸಣ್ಣ ಪ್ಯಾಡ್. ಅದನ್ನು ನನ್ನ ಬಲ ತೊಡೆಯ ಪಕ್ಕದ ಸ್ಟೂಲ್ ಮೇಲೆ ಇಟ್ಟರೆ ಗಿಟಾರ್ ತಂತಿಯಿಂದ ಕೈ ಒಂದು ಗೇಣು ಸರಿದರೆ ಸಾಕು. ರೀಪರ್ ಪ್ಯಾಡಿನ ಅಂಕಿಗಳನ್ನೂ ಮೇಲಿನ ಸಾಲಿನ ಅಂಕಿಗಳನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಅದರಿಂದ ದೊಡ್ಡ ಕೀಬೋರ್ಡಿನ ಯಾವ ಅಭ್ಯಾಸವನ್ನೂ ಬಿಡಬೇಕಾಗಲಿಲ್ಲ.

ಮೊದಲ ಕಸ್ಟಮ್ ಆ್ಯಕ್ಷನ್

170 ಸಲ ಕೈ ಹೋದ ಕೆಲಸವನ್ನೇ ಮೊದಲು ಹಿಡಿದೆ. ಒಂದು ಕೀ ಒತ್ತಿದರೆ ತಪ್ಪಿದ ಟೇಕ್ (ಒಂದು ಸಲದ ರೆಕಾರ್ಡಿಂಗ್) ನಿಂತು, ಅಳಿಸಿ, ಅದೇ ಜಾಗದಿಂದ ಮತ್ತೆ ರೆಕಾರ್ಡ್ ಶುರುವಾಗಬೇಕು.

ಆ್ಯಕ್ಷನ್ ಲಿಸ್ಟ್‌ನಲ್ಲಿ ನ್ಯೂ ಆ್ಯಕ್ಷನ್ ಒತ್ತಿ, ನ್ಯೂ ಕಸ್ಟಮ್ ಆ್ಯಕ್ಷನ್ ಆರಿಸಿದರೆ ಎರಡು ಭಾಗದ ಕಿಟಕಿ ತೆರೆಯುತ್ತದೆ. ಎಡಗಡೆ ಎಲ್ಲ ಆ್ಯಕ್ಷನ್‌ಗಳು. ಬಲಗಡೆ ಖಾಲಿ ಜಾಗ. ಎಡದಿಂದ ಎಳೆದು ಬಲಕ್ಕೆ ಹಾಕಿದ ಕ್ರಮದಲ್ಲೇ ಅವು ಒಂದಾದ ಮೇಲೊಂದು ನಡೆಯುತ್ತವೆ. ನಾನು ಹಾಕಿದ್ದು ಎರಡೇ. ಒಂದು, ಟ್ರಾನ್ಸ್‌ಪೋರ್ಟ್ ಗುಂಪಿನ ‘ಸ್ಟಾಪ್, ಡಿಲೀಟ್ ಆಲ್ ರೆಕಾರ್ಡೆಡ್ ಮೀಡಿಯಾ’. ರೀಪರ್ ಅದಕ್ಕೆ ಕೊಟ್ಟ ಕಮಾಂಡ್ ಸಂಖ್ಯೆ 40668. ಇನ್ನೊಂದು ‘ಟ್ರಾನ್ಸ್‌ಪೋರ್ಟ್: ರೆಕಾರ್ಡ್’, 1013. ಹೆಸರು ‘ಮತ್ತೆ ಮೊದಲಿಂದ’ ಎಂದಿಟ್ಟೆ. ಪ್ಯಾಡಿನ ನಕ್ಷತ್ರ ಚಿಹ್ನೆಯ ಕೀಗೆ ಕಟ್ಟಿದೆ.

ಒತ್ತಿದೆ. ಕೆಲಸ ಮಾಡಿತು. ಆದರೆ ಬೇಗ ಮಾಡಿತು! ಕೈ ತಂತಿಗೆ ಮರಳುವ ಮೊದಲೇ ರೆಕಾರ್ಡ್ ಓಡುತ್ತಿತ್ತು. ಎರಡು ಆ್ಯಕ್ಷನ್‌ಗಳ ನಡುವೆ ಸ್ವಲ್ಪ ಬಿಡುವು ಬೇಕಿತ್ತು. ಅದಕ್ಕೂ ಪಟ್ಟಿಯಲ್ಲೇ ಸಾಲುಗಳಿವೆ: ಮುಂದಿನ ಆ್ಯಕ್ಷನ್‌ಗೆ ಮೊದಲು ಅರ್ಧ ಸೆಕೆಂಡ್ ಕಾಯಿ, ಒಂದು ಸೆಕೆಂಡ್ ಕಾಯಿ, ಐದು ಸೆಕೆಂಡ್ ಕಾಯಿ ಎಂದು. ಐದು ಸೆಕೆಂಡಿನದನ್ನು ನಡುವೆ ಹಾಕಿದೆ. ಕೈಗೆ ಸಮಯ ಸಿಕ್ಕಿತು. ಆದರೆ ಆ ಐದು ಸೆಕೆಂಡ್ ಪೂರ್ತಿ ಮೌನ. ಯಾವ ಕ್ಷಣ ಶುರುವಾಗುತ್ತದೆ ಎಂದು ಗೊತ್ತಾಗುವುದಿಲ್ಲ. ಪರದೆ ನೋಡುತ್ತಾ ಕಾಯಬೇಕು.

ಅದಕ್ಕಿಂತ ಕೌಂಟ್-ಇನ್, ಅಂದರೆ ರೆಕಾರ್ಡ್‌ಗೆ ಮೊದಲು ಕೇಳಿಸುವ ತಾಳದ ಎಣಿಕೆ, ಒಳ್ಳೆಯದು. ಮೆಟ್ರೊನೋಮ್ ಸೆಟ್ಟಿಂಗ್‌ನಲ್ಲಿ ರೆಕಾರ್ಡ್‌ಗೆ ಮೊದಲು ಕೌಂಟ್-ಇನ್ ಬೇಕು ಎಂದು ಟಿಕ್ ಹಾಕಿ, ಎಷ್ಟು ಮೆಷರ್ (ತಾಳದ ಒಂದು ಸುತ್ತು) ಎಂದು ಕೊಟ್ಟರೆ ಸಾಕು. ನನ್ನ ಹಾಡಿನ ವೇಗ ನಿಮಿಷಕ್ಕೆ 80 ಬೀಟ್, ನಾಲ್ಕು ಬೀಟಿನ ಮೆಷರ್. ಅಂದರೆ ಒಂದು ಬೀಟ್ ಮುಕ್ಕಾಲು ಸೆಕೆಂಡ್, ಒಂದು ಮೆಷರ್ ಮೂರು ಸೆಕೆಂಡ್. ಎರಡು ಮೆಷರ್ ಕೊಟ್ಟೆ. ಕೀ ಒತ್ತಿದ ಮೇಲೆ ಆರು ಸೆಕೆಂಡ್ ಟಕ್ ಟಕ್ ಕೇಳುತ್ತದೆ. ಕೈ ತಂತಿಗೆ ಬರುತ್ತದೆ, ಕಾಲು ತಾಳ ಹಿಡಿಯುತ್ತದೆ, ಉಸಿರು ತೆಗೆದುಕೊಳ್ಳುತ್ತೇನೆ. ಕಾಯುವ ಸಾಲನ್ನು ತೆಗೆದುಹಾಕಿದೆ. ಮೆಟ್ರೊನೋಮ್ ಇಲ್ಲದೆ ಹಾಡುವ ಆಲಾಪದಂಥ ಭಾಗಗಳಿಗೆ ಮಾತ್ರ ಆ ಐದು ಸೆಕೆಂಡಿನ ಆವೃತ್ತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿದ್ದೇನೆ.

ಅದೇ ಸೆಟ್ಟಿಂಗ್ ಕಿಟಕಿಯಲ್ಲಿ ಪ್ರೀ-ರೋಲ್ ಎಂಬುದೂ ಇದೆ. ಹಾಡಿನ ನಡುವಿನಿಂದ ಶುರು ಮಾಡುವಾಗ ಇದು ಬೇಕೇ ಬೇಕು. ಎರಡನೇ ಚರಣವನ್ನು ಮಾತ್ರ ಮತ್ತೆ ಹಾಡಬೇಕಿದ್ದರೆ, ಅದಕ್ಕಿಂತ ಮುಂಚಿನ ಒಂದೆರಡು ಮೆಷರ್ ಕೇಳಿಸಿ, ಆಮೇಲೆ ರೆಕಾರ್ಡ್ ಶುರುವಾಗುತ್ತದೆ. ಬರೀ ಟಕ್ ಟಕ್ ಕೇಳಿ ಚರಣಕ್ಕೆ ಇಳಿದರೆ ಶ್ರುತಿ ಹಿಡಿಯುವುದು ಕಷ್ಟ ಅಲ್ವಾ? ಹಿಂದಿನ ಸಾಲು ಕಿವಿಯಲ್ಲಿದ್ದರೆ ದನಿ ತಾನಾಗಿ ಅಲ್ಲಿಗೆ ಹೋಗಿ ಕೂರುತ್ತದೆ.

ಒಳ್ಳೆಯ ಟೇಕ್ ಹೋಯಿತು

ಮೂರನೇ ದಿನ ಪಲ್ಲವಿ ತುಂಬಾ ಚೆನ್ನಾಗಿ ಬಂತು. ನನಗೇ ಗೊತ್ತಾಗುವಷ್ಟು ಚೆನ್ನಾಗಿ. ಕೊನೆಯ ತಂತಿ ಇನ್ನೂ ಮೊಳಗುತ್ತಿತ್ತು. ಮಾರ್ಕರ್ ಹಾಕೋಣ ಎಂದು ಕೈ ಇಳಿಸಿದೆ. ಬೆರಳು ನಕ್ಷತ್ರದ ಮೇಲೆ ಬಿತ್ತು. ಟಕ್ ಟಕ್ ಎಂದು ಕೌಂಟ್-ಇನ್ ಶುರುವಾದಾಗ ಎದೆ ಧಸಕ್ ಎಂದಿತು. ಕಂಟ್ರೋಲ್-ಝಡ್ ಒತ್ತಿದೆ. ಏನೂ ವಾಪಸ್ ಬರಲಿಲ್ಲ. ಆ ಆ್ಯಕ್ಷನ್ ಫೈಲನ್ನೇ ಡಿಸ್ಕ್‌ನಿಂದ ಅಳಿಸುತ್ತದೆ. ಅನ್‌ಡೂ ಮಾಡಿದರೆ ಪ್ರಾಜೆಕ್ಟ್ ಹಿಂದಕ್ಕೆ ಹೋಗಬಹುದು, ಆದರೆ ಅಳಿದ ಫೈಲ್ ಎಲ್ಲಿಂದ ಬರಬೇಕು?

ಆ ಪಲ್ಲವಿಯನ್ನು ಆಮೇಲೆ ಎಷ್ಟೋ ಸಲ ಹಾಡಿದೆ. ಹಾಗೆ ಬರಲಿಲ್ಲ.

ಆ ಸಂಜೆ ರೆಕಾರ್ಡಿಂಗ್ ನಿಲ್ಲಿಸಿ, ಶಾರ್ಟ್‌ಕಟ್‌ಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ಅಲ್ಲಿಯವರೆಗೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಕೆಲಸ ಎಷ್ಟು ಸಲ ಮಾಡುತ್ತೇನೆ? ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಿತ್ತು: ಈ ಕೀ ತಪ್ಪಿ ಒತ್ತಿದರೆ ಏನು ಹೋಗುತ್ತದೆ? ಹಾಳೆಯಲ್ಲಿ ಹೊಸ ಕಾಲಂ ಎಳೆದೆ. ಪ್ಲೇ ತಪ್ಪಿ ಒತ್ತಿದರೆ ಏನೂ ಹೋಗುವುದಿಲ್ಲ. ಮಾರ್ಕರ್ ಜಾಸ್ತಿ ಬಿದ್ದರೆ ಅಳಿಸಬಹುದು. ಟೇಕ್ ಅಳಿಸಿದರೆ ಹೋಯಿತು, ಅಷ್ಟೆ.

ಅದಕ್ಕೇ ನಕ್ಷತ್ರದ ಕೀಯಲ್ಲಿ ಡಿಲೀಟ್ ತೆಗೆದು, ‘ಸ್ಟಾಪ್, ಸೇವ್ ಆಲ್ ರೆಕಾರ್ಡೆಡ್ ಮೀಡಿಯಾ’ ಹಾಕಿದೆ. ಸಂಖ್ಯೆ 40667. ಒಂದೇ ಅಂಕಿಯ ವ್ಯತ್ಯಾಸ, ಪರಿಣಾಮದಲ್ಲಿ ಎಷ್ಟು ದೂರ! ಈಗ ತಪ್ಪಿದ ಟೇಕೂ ಉಳಿಯುತ್ತದೆ. ಅದೇ ಜಾಗದಲ್ಲಿ ಮತ್ತೆ ರೆಕಾರ್ಡ್ ಮಾಡಿದರೆ ಒಂದೇ ಐಟಂನೊಳಗೆ (ಪರದೆಯಲ್ಲಿ ಕಾಣುವ ರೆಕಾರ್ಡಿಂಗ್ ತುಂಡು) ಟೇಕ್‌ಗಳಾಗಿ ಸೇರಿಕೊಳ್ಳುತ್ತವೆ. ಟಿ ಒತ್ತುತ್ತಾ ಹೋದರೆ ಒಂದೊಂದಾಗಿ ಕೇಳಬಹುದು. ಡಿಸ್ಕ್ ಜಾಗ ತಿನ್ನುತ್ತದೆ, ನಿಜ. ಆದರೆ ಒಂದು ದನಿ, ಒಂದು ಚಾನೆಲ್, 24 ಬಿಟ್, 48 ಕಿಲೋಹರ್ಟ್ಸ್ ಲೆಕ್ಕದಲ್ಲಿ ನಿಮಿಷಕ್ಕೆ ಒಂಬತ್ತು ಎಂಬಿಯೂ ಆಗುವುದಿಲ್ಲ. ಒಂದು ಗಂಟೆ ಪೂರ್ತಿ ಹಾಡಿದರೂ ಅರ್ಧ ಜಿಬಿಗಿಂತ ಸ್ವಲ್ಪ ಜಾಸ್ತಿ. ಹಾಡು ಮುಗಿದ ಮೇಲೆ ನಿಧಾನವಾಗಿ ಕೂತು ಬೇಡದ್ದನ್ನು ತೆಗೆಯಬಹುದು. ಅಳಿಸುವ ಆ್ಯಕ್ಷನ್‌ಗೆ ಈಗ ದೊಡ್ಡ ಕೀಬೋರ್ಡಿನಲ್ಲಿ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಮೂರನ್ನೂ ಕೊಟ್ಟಿದ್ದೇನೆ. ಎರಡು ಕೈ ಬೇಕು, ಎದ್ದು ಹೋಗಲೇಬೇಕು. ಆ ಕೆಲಸಕ್ಕೆ ಅಷ್ಟು ಕಷ್ಟ ಇರಲಿ.

ಬದಲಿಸಿದ ಕೂಡಲೇ ಹೊಸ ತೊಂದರೆ ಬಂತು. ನಕ್ಷತ್ರ ಒತ್ತಿದರೆ ಎರಡನೇ ಟೇಕ್ ಮೊದಲಿನ ಟೇಕ್ ಮುಗಿದ ಕಡೆಯಿಂದ ಶುರುವಾಗುತ್ತಿತ್ತು. ಅಳಿಸುತ್ತಿದ್ದಾಗ ಹೀಗಾಗಿರಲಿಲ್ಲ. ಸುಮಾರು ಹೊತ್ತು ಆ್ಯಕ್ಷನ್‌ಗಳ ಕ್ರಮವನ್ನೇ ಹಿಂದೆ ಮುಂದೆ ಮಾಡಿದೆ. ಕಾರಣ ಅಲ್ಲಿರಲಿಲ್ಲ. ಪ್ರಿಫರೆನ್ಸಸ್‌ನಲ್ಲಿ ಎಡಿಟಿಂಗ್ ಬಿಹೇವಿಯರ್ ಎಂಬ ಪುಟದಲ್ಲಿ, ರೆಕಾರ್ಡ್ ನಿಂತಾಗ ಎಡಿಟ್ ಕರ್ಸರನ್ನು ರೆಕಾರ್ಡ್ ಆದ ಐಟಂನ ಕೊನೆಗೆ ಸರಿಸು ಎಂಬ ಸಾಲಿಗೆ ನನ್ನಲ್ಲಿ ಟಿಕ್ ಬಿದ್ದಿತ್ತು. ಟೇಕ್ ಅಳಿದುಹೋದಾಗ ಐಟಂ ಇರುವುದೇ ಇಲ್ಲ, ಹಾಗಾಗಿ ಕರ್ಸರ್ ಇದ್ದಲ್ಲೇ ಇರುತ್ತಿತ್ತು. ಉಳಿಸಿಕೊಂಡಾಗ ಕೊನೆಗೆ ಹೋಗುತ್ತಿತ್ತು. ಟಿಕ್ ತೆಗೆದೆ, ಸರಿಹೋಯಿತು. ಕಸ್ಟಮ್ ಆ್ಯಕ್ಷನ್ ಅಂದುಕೊಂಡಂತೆ ನಡೆಯದಿದ್ದರೆ ಆ್ಯಕ್ಷನ್ ಜೊತೆಗೆ ಪ್ರಿಫರೆನ್ಸಸ್ ಕೂಡ ನೋಡಿ.

ಪ್ಯಾಡಿನ ಮೇಲೆ ಯಾವುದು ಎಲ್ಲಿ

ನಂಬರ್ ಪ್ಯಾಡಿನ 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಕಣ್ಣು ಮುಚ್ಚಿಕೊಂಡೂ ಬೆರಳು ಅದನ್ನು ಹುಡುಕಿಕೊಳ್ಳುತ್ತದೆ. ಮೊದಲು ಮಾರ್ಕರನ್ನು ಅಲ್ಲಿಗೇ ಕಟ್ಟಿದ್ದೆ. ತಪ್ಪಿದ ಕೂಡಲೇ ನಿಲ್ಲಿಸದೆ 5 ಒತ್ತಿ ಮುಂದುವರಿಯುವುದು, ಆಮೇಲೆ ಮಾರ್ಕರ್ ನೋಡಿಕೊಂಡು ಸರಿಪಡಿಸುವುದು. ಒಂದು ದಿನ ಇಪ್ಪತ್ತು ನಿಮಿಷ ಹೀಗೆ ಹಾಡಿ, ಎದ್ದು ಬಂದು ನೋಡಿದರೆ ಒಂದೂ ಮಾರ್ಕರ್ ಇಲ್ಲ. ನಮ್‌ಲಾಕ್ ಆಫ್ ಆಗಿತ್ತು.

ನಮ್‌ಲಾಕ್ ಆಫ್ ಆದರೆ ಪ್ಯಾಡಿನ ಅಂಕಿಗಳು ಅಂಕಿಗಳಾಗಿ ಉಳಿಯುವುದಿಲ್ಲ. 7 ಹೋಮ್ ಆಗುತ್ತದೆ, 1 ಎಂಡ್, 9 ಮತ್ತು 3 ಪೇಜ್ ಅಪ್, ಪೇಜ್ ಡೌನ್, 2, 4, 6, 8 ಬಾಣಗಳು, 0 ಇನ್ಸರ್ಟ್, ಚುಕ್ಕೆ ಡಿಲೀಟ್. ಆದರೆ ಭಾಗಿಸು, ನಕ್ಷತ್ರ, ಮೈನಸ್, ಪ್ಲಸ್ ಈ ನಾಲ್ಕು ಮಾತ್ರ ನಮ್‌ಲಾಕ್ ಹೇಗಿದ್ದರೂ ಬದಲಾಗುವುದಿಲ್ಲ. ಇದು ಗೊತ್ತಾದ ಮೇಲೆ ಜೋಡಣೆ ಪೂರ್ತಿ ಬದಲಾಯಿತು.

ರೆಕಾರ್ಡ್ ಓಡುತ್ತಿರುವಾಗ ಬೇಕಾಗುವ ಕೆಲಸಗಳೆಲ್ಲ ಆ ನಾಲ್ಕು ಕೀಗಳಿಗೆ ಹೋದವು. ಮಾರ್ಕರ್ ಪ್ಲಸ್‌ಗೆ ಬಂತು. ಆ ಕೀ ಎರಡು ಸಾಲಿನಷ್ಟು ಉದ್ದ, ಬಲ ಅಂಚಿನಲ್ಲೇ ಇದೆ, ಬೆರಳು ಎಲ್ಲಿ ಬಿದ್ದರೂ ಸಿಗುತ್ತದೆ. ಅದರ ಮೇಲಿನ ಮೈನಸ್ ಸ್ಟಾಪ್‌ಗೆ, ಟೇಕ್ ಉಳಿಸಿಕೊಂಡು ನಿಲ್ಲಿಸುವುದಕ್ಕೆ. ಪಕ್ಕದ ನಕ್ಷತ್ರ ಮತ್ತೆ ಮೊದಲಿಂದ. ಈಗ ನಕ್ಷತ್ರಕ್ಕೂ ಮೈನಸ್‌ಗೂ ಅದಲು ಬದಲಾದರೂ ಏನೂ ಕಳೆದುಹೋಗುವುದಿಲ್ಲ. ಭಾಗಿಸು ಮೆಟ್ರೊನೋಮ್‌ಗೆ.

ನಿಂತಿರುವಾಗಿನ ಕೆಲಸಗಳು ಅಂಕಿಗಳಿಗೆ. ಉಬ್ಬಿರುವ 5 ಪ್ಲೇ ಮತ್ತು ಸ್ಟಾಪ್. ಅದರ ಎಡದ 4 ಹಿಂದಿನ ಮಾರ್ಕರ್‌ಗೆ, ಬಲದ 6 ಮುಂದಿನ ಮಾರ್ಕರ್‌ಗೆ. 0 ರೆಕಾರ್ಡ್ ಶುರು ಮಾಡಲು. ನಮ್‌ಲಾಕ್ ಆಫ್ ಇದ್ದರೆ 5 ಒತ್ತಿದರೂ ಪ್ಲೇ ಆಗುವುದಿಲ್ಲ, ಆಗಲೇ ಗೊತ್ತಾಗುತ್ತದೆ. ಎಂಟರ್ ಕೀಗೆ ಏನನ್ನೂ ಕಟ್ಟಲಿಲ್ಲ. ಎದುರಿಗೆ ಬರುವ ಪೆಟ್ಟಿಗೆಗಳಿಗೆಲ್ಲ ಉತ್ತರ ಕೊಡುವ ಕೀ ಅದು. ಅದನ್ನು ಹಾಗೇ ಬಿಡುವುದು ಒಳ್ಳೆಯದು.

ಇನ್ನೊಂದು ವಿಷಯ ಹೆಡ್‌ಫೋನ್ ಹಾಕಿ ಕೇಳುವವರೆಗೆ ತಿಳಿದಿರಲಿಲ್ಲ. ಮಾರ್ಕರ್ ಹಾಕಿದ ಪ್ರತಿ ಕಡೆ ಟಿಕ್ ಎಂಬ ಸದ್ದು ರೆಕಾರ್ಡ್ ಆಗಿತ್ತು. ಕೀ ಒತ್ತಿದ ಸದ್ದೇ ಅದು. ಸ್ಟೂಲಿನ ಮರ ಆ ಸದ್ದನ್ನು ಇನ್ನೂ ದೊಡ್ಡದು ಮಾಡುತ್ತಿತ್ತು. ನಾಲ್ಕು ಮಡಿಕೆಯ ದಪ್ಪ ಟವಲ್ ಹಾಸಿ ಅದರ ಮೇಲೆ ಪ್ಯಾಡ್ ಇಟ್ಟೆ. ಪ್ಯಾಡನ್ನು ಮೈಕಿನ ಹಿಂಭಾಗಕ್ಕೆ ಸರಿಸಿದೆ. ನನ್ನದು ಕಾರ್ಡಿಯಾಯ್ಡ್ ಮೈಕ್, ಹಿಂದಿನಿಂದ ಬರುವ ಸದ್ದನ್ನು ಕಡಿಮೆ ಹಿಡಿಯುತ್ತದೆ. ಜೊತೆಗೆ ಒತ್ತುವ ರೀತಿಯನ್ನೂ ಬದಲಿಸಿಕೊಂಡೆ. ಕುಟ್ಟುವ ಬದಲು ಬೆರಳಿಟ್ಟು ಅದುಮುವುದು. ಈಗ ಹಾಡಿನ ಒಳಗೆ ಕೇಳಿಸುವುದಿಲ್ಲ, ಪೂರ್ತಿ ಮೌನದಲ್ಲಿ ಮಾತ್ರ ಅಲ್ಪಸ್ವಲ್ಪ. ಕೇಬಲ್ ಉದ್ದ ಮಾಡಬೇಕೆಂದಿದ್ದರೆ ಯುಎಸ್‌ಬಿ 2.0ಕ್ಕೆ ಸಾಧಾರಣ ಕೇಬಲ್‌ನ ಮಿತಿ 5 ಮೀಟರ್ ಎಂಬುದು ನೆನಪಿರಲಿ.

ರೆಕಾರ್ಡ್ ಆಗುವಾಗ ಬೇರೆ, ನಿಂತಾಗ ಬೇರೆ

ಆ್ಯಕ್ಷನ್ ಲಿಸ್ಟ್‌ನ ಮೇಲೆ ಸೆಕ್ಷನ್ ಎಂಬ ಆಯ್ಕೆ ಇದೆ. ಮೇನ್, ಮಿಡಿ ಎಡಿಟರ್ (ಸ್ವರಗಳನ್ನು ತಿದ್ದುವ ಕಿಟಕಿ), ಮೀಡಿಯಾ ಎಕ್ಸ್‌ಪ್ಲೋರರ್ ಎಂದೆಲ್ಲ. ಒಂದೇ ಕೀ ಒಂದೊಂದು ಸೆಕ್ಷನ್‌ನಲ್ಲಿ ಒಂದೊಂದು ಕೆಲಸ ಮಾಡಬಹುದು. ಅದರಲ್ಲೇ ‘ಮೇನ್, ಆಲ್ಟ್ ರೆಕಾರ್ಡಿಂಗ್’ ಎಂಬುದೂ ಇದೆ. ಎಷ್ಟೋ ದಿನ ಅದನ್ನು ನೋಡಿಯೂ ಬಿಟ್ಟಿದ್ದೆ. ಅಲ್ಲಿ ಕಟ್ಟಿದ ಶಾರ್ಟ್‌ಕಟ್‌ಗಳು ರೆಕಾರ್ಡ್ ಓಡುತ್ತಿರುವಾಗ ಮಾತ್ರ ಮೇನ್‌ನದ್ದನ್ನು ಪಕ್ಕಕ್ಕೆ ಸರಿಸಿ ಕೆಲಸ ಮಾಡುತ್ತವೆ.

ನನಗೆ ಇದು ದೊಡ್ಡ ನೆಮ್ಮದಿ ಕೊಟ್ಟಿತು. ಪಟ್ಟಿಯಲ್ಲಿ ‘ನೋ-ಆಪ್’ ಎಂಬ ಆ್ಯಕ್ಷನ್ ಇದೆ. ಅದರ ಕೆಲಸ ಏನೂ ಮಾಡದಿರುವುದು. ಆಲ್ಟ್ ರೆಕಾರ್ಡಿಂಗ್ ಸೆಕ್ಷನ್‌ನಲ್ಲಿ ಸ್ಪೇಸ್‌ಬಾರ್, 0, 4, 5, 6 ಎಲ್ಲಕ್ಕೂ ಅದನ್ನೇ ಕಟ್ಟಿದೆ. ಈಗ ಹಾಡುತ್ತಿರುವಾಗ ತೋಳು ತಗುಲಿ ಅವು ಒತ್ತಿಹೋದರೂ ರೆಕಾರ್ಡ್ ನಿಲ್ಲುವುದಿಲ್ಲ. ಪ್ಯಾಡಿನಲ್ಲಿ ನಿಲ್ಲಿಸಲು ಮೈನಸ್, ಮತ್ತೆ ಮೊದಲಿಂದ ಶುರು ಮಾಡಲು ನಕ್ಷತ್ರ, ಅಷ್ಟೆ. ಮನೆಗೆ ಬಂದವರು ಸ್ಪೇಸ್‌ಬಾರ್ ಮುಟ್ಟಿದರೂ ಭಯವಿಲ್ಲ.

ಪ್ಲಗಿನ್ ಕಿಟಕಿ, ಮತ್ತು ಕನ್ನಡ

ಎಲ್ಲ ಕಟ್ಟಿದ ಮೇಲೂ ಕೆಲವು ಸಲ ಕೀಗಳು ಕೆಲಸ ಮಾಡುತ್ತಿರಲಿಲ್ಲ. ಎರಡು ಕಾರಣ ಸಿಕ್ಕಿದವು.

ಒಂದು, ಪ್ಲಗಿನ್ (ದನಿಗೆ ಪರಿಣಾಮ ಸೇರಿಸುವ ಸಣ್ಣ ಸಾಫ್ಟ್‌ವೇರ್) ಕಿಟಕಿ. ಪ್ರತಿಧ್ವನಿ ಕೊಡುವ ರಿವರ್ಬ್‌ನ ಒಂದು ಗುಂಡಿ ತಿರುಗಿಸಿ ಹಾಗೇ ಬಂದು ಹಾಡಲು ಕೂತರೆ, ಒತ್ತಿದ ಕೀ ಆ ಕಿಟಕಿಗೆ ಹೋಗುತ್ತದೆ, ರೀಪರ್‌ಗೆ ತಲುಪುವುದಿಲ್ಲ. ಶಾರ್ಟ್‌ಕಟ್ ಸೇರಿಸುವ ಪೆಟ್ಟಿಗೆಯಲ್ಲೇ ಸ್ಕೋಪ್ ಎಂಬ ಆಯ್ಕೆ ಇದೆ. ಅದನ್ನು ನಾರ್ಮಲ್‌ನಿಂದ ಗ್ಲೋಬಲ್‌ಗೆ ಬದಲಿಸಿದರೆ ಯಾವ ಕಿಟಕಿ ಮುಂದಿದ್ದರೂ ಕೀ ರೀಪರ್‌ಗೇ ಬರುತ್ತದೆ. ಪ್ಯಾಡಿನ ಕೀಗಳನ್ನೆಲ್ಲ ಹೀಗೆ ಮಾಡಿದೆ. ಅದರ ಕೆಳಗೆ ಟೆಕ್ಸ್ಟ್ ಬರೆಯುವ ಜಾಗವನ್ನೂ ಸೇರಿಸಿದ ಇನ್ನೊಂದು ಆಯ್ಕೆ ಇದೆ. ಅದು ಬೇಡ. ಟ್ರ್ಯಾಕಿಗೆ ಹೆಸರು ಬರೆಯುವಾಗ 5 ಟೈಪ್ ಮಾಡಿದರೆ ಹಾಡು ಶುರುವಾಗುತ್ತದೆ.

ಇನ್ನೊಂದು ನಮ್ಮಂಥವರಿಗೆ ಮಾತ್ರ ಬರುವ ತೊಂದರೆ. ನಾನು ಟ್ರ್ಯಾಕ್‌ಗಳಿಗೆ ಹೆಸರು ಕನ್ನಡದಲ್ಲೇ ಬರೆಯುತ್ತೇನೆ: ಪಲ್ಲವಿ, ಚರಣ 1, ಮೇಲಿನ ದನಿ, ಹೀಗೆ. ಬರೆದ ಮೇಲೆ ಕನ್ನಡ ಟೈಪಿಂಗ್ ಆಫ್ ಮಾಡಲು ಮರೆತರೆ, ಎಸ್ ಒತ್ತಿದಾಗ ಐಟಂ ತುಂಡಾಗುವುದಿಲ್ಲ. ಕೀಯನ್ನು ಮಧ್ಯದಲ್ಲೇ ಕನ್ನಡ ಟೈಪಿಂಗ್ ಹಿಡಿದುಕೊಂಡಿರುತ್ತದೆ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಇಂಗ್ಲಿಷಿಗೆ ಬಂದರೆ ಎಲ್ಲ ಮೊದಲಿನಂತೆ. ಪ್ಯಾಡಿನ ಕೀಗಳಿಗೆ ನನ್ನಲ್ಲಿ ಈ ತೊಂದರೆ ಬರಲಿಲ್ಲ. ಇದೂ ಪ್ಯಾಡ್ ಬಳಸಲು ಒಂದು ಒಳ್ಳೆಯ ಕಾರಣ.

ಉಸಿರಿಗೊಂದು ಕೀ

ರೆಕಾರ್ಡಿಂಗ್ ಮುಗಿದ ಮೇಲಿನ ಕೆಲಸಕ್ಕೆ ನಾನು ಮಾಡಿಕೊಂಡಿದ್ದು ಒಂದೇ ದೊಡ್ಡ ಆ್ಯಕ್ಷನ್. ಸಾಲುಗಳ ನಡುವೆ ಉಸಿರೆಳೆಯುವ ಸದ್ದು ಕೆಲವು ಕಡೆ ಜೋರಾಗಿರುತ್ತದೆ. ಅದನ್ನು ಪೂರ್ತಿ ಕತ್ತರಿಸಿದರೆ ಹಾಡುವವರು ಮನುಷ್ಯರೇ ಅಲ್ಲ ಅನ್ನಿಸುತ್ತದೆ. ತಗ್ಗಿಸಿದರೆ ಸಾಕು.

ಮೌಸ್‌ನಿಂದ ಉಸಿರಿನ ಮೇಲೆ ಟೈಮ್ ಸೆಲೆಕ್ಷನ್ (ಆಯ್ದ ಸಮಯದ ಭಾಗ) ಎಳೆಯುತ್ತೇನೆ. ಆಮೇಲೆ ಒಂದು ಕೀ. ಅದರೊಳಗೆ ಮೊದಲು ಟೈಮ್ ಸೆಲೆಕ್ಷನ್ ಇದ್ದಲ್ಲಿ ಐಟಂ ತುಂಡು ಮಾಡು. ಆಮೇಲೆ ಆಯ್ದ ಟ್ರ್ಯಾಕಿನಲ್ಲಿ ಆ ಸೆಲೆಕ್ಷನ್‌ನೊಳಗಿನ ಐಟಂ ಮಾತ್ರ ಆರಿಸು. ಆಮೇಲೆ ಐಟಂ ವಾಲ್ಯೂಮ್ ಒಂದು ಡೆಸಿಬೆಲ್ ಇಳಿಸು ಎಂಬ ಆ್ಯಕ್ಷನ್ ಆರು ಸಲ. ಆರು ಡೆಸಿಬೆಲ್ ಇಳಿದರೆ ಅಲೆಯ ಎತ್ತರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಪರದೆಯ ಮೇಲೆ ಉಸಿರಿನ ಗುಡ್ಡ ಕುಗ್ಗುವುದು ಕಣ್ಣಿಗೇ ಕಾಣುತ್ತದೆ. ಕೊನೆಗೆ ಟೈಮ್ ಸೆಲೆಕ್ಷನ್ ತೆಗೆ.

ಮೊದಲ ಸಲ ಇದನ್ನು ಓಡಿಸಿ, ಜಾಗ ತಪ್ಪಿದೆ ಎಂದು ಕಂಟ್ರೋಲ್-ಝಡ್ ಒತ್ತಿದರೆ ಒಂದು ಡೆಸಿಬೆಲ್ ಮಾತ್ರ ವಾಪಸ್ ಬಂತು. ಪೂರ್ತಿ ಹಿಂದಕ್ಕೆ ಬರಲು ಒತ್ತುತ್ತಲೇ ಇರಬೇಕಾಯಿತು. ಕಸ್ಟಮ್ ಆ್ಯಕ್ಷನ್ ಬರೆಯುವ ಕಿಟಕಿಯ ಕೆಳಗೆ ‘ಕನ್ಸಾಲಿಡೇಟ್ ಅನ್‌ಡೂ ಪಾಯಿಂಟ್ಸ್’ ಎಂಬ ಟಿಕ್ ಇದೆ. ಹಾಕಿದರೆ ಎಲ್ಲ ಹೆಜ್ಜೆಗಳೂ ಸೇರಿ ಒಂದೇ ಅನ್‌ಡೂ ಆಗುತ್ತವೆ. ಎರಡಕ್ಕಿಂತ ಹೆಚ್ಚು ಹೆಜ್ಜೆ ಇರುವ ಯಾವ ಆ್ಯಕ್ಷನ್‌ಗೂ ಈಗ ಇದನ್ನು ಹಾಕಿಬಿಡುತ್ತೇನೆ.

ಕಾಪಿ ಇಟ್ಟುಕೊಳ್ಳಿ

ಇಷ್ಟೆಲ್ಲ ಕಟ್ಟಿದ್ದು ರೀಪರ್-ಕೆಬಿ ಡಾಟ್ ಐಎನ್ಐ ಎಂಬ ಒಂದು ಫೈಲ್‌ನಲ್ಲಿರುತ್ತದೆ. ಆಪ್ಷನ್ಸ್ ಮೆನುವಿನಿಂದ ರಿಸೋರ್ಸ್ ಪಾತ್ ತೆರೆದರೆ ಸಿಗುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಕಸ್ಟಮ್ ಆ್ಯಕ್ಷನ್‌ನ ಹೆಸರು, ಅದರ ಮುಂದೆ ಕಮಾಂಡ್ ಸಂಖ್ಯೆಗಳು. ನನ್ನ ‘ಮತ್ತೆ ಮೊದಲಿಂದ’ ಸಾಲಿನ ಕೊನೆಯಲ್ಲಿ 40667, 1013 ಎಂದು ಕಾಣುತ್ತದೆ. ಆ್ಯಕ್ಷನ್ ಲಿಸ್ಟ್‌ನ ಕೀ ಮ್ಯಾಪ್ ಗುಂಡಿಯಿಂದ ಎಕ್ಸ್‌ಪೋರ್ಟ್ ಮಾಡಿ, ಆ ಫೈಲನ್ನು ತಾರೀಖು ಹಾಕಿ ಪ್ರಾಜೆಕ್ಟ್‌ಗಳ ಜೊತೆ ಇಟ್ಟಿದ್ದೇನೆ. ಬೇರೆ ಕಂಪ್ಯೂಟರ್‌ಗೆ ಒಯ್ಯುವಾಗ ಒಂದು ಎಚ್ಚರ: ಎಸ್‌ಡಬ್ಲ್ಯುಎಸ್‌ನಂಥ ಎಕ್ಸ್‌ಟೆನ್ಷನ್‌ನ (ರೀಪರ್‌ಗೆ ಹೊರಗಿನಿಂದ ಸೇರಿಸುವ ಭಾಗ) ಆ್ಯಕ್ಷನ್‌ಗಳನ್ನು ಬಳಸಿದ್ದರೆ ಅಲ್ಲೂ ಅದನ್ನು ಹಾಕಿರಬೇಕು. ಇಲ್ಲದಿದ್ದರೆ ಆ ಹೆಜ್ಜೆ ನಡೆಯುವುದಿಲ್ಲ.

ರೀಪರ್ ಅಲ್ಲದೆ ಬೇರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರಿಗೂ ದಾರಿ ಇದೆ. ಲಾಜಿಕ್‌ನಲ್ಲಿ ಆಪ್ಷನ್ ಮತ್ತು ಕೆ ಒತ್ತಿದರೆ ಕೀ ಕಮಾಂಡ್‌ಗಳ ಪಟ್ಟಿ ಬರುತ್ತದೆ. ಏಬಲ್ಟನ್ ಲೈವ್‌ನಲ್ಲಿ ಕಂಟ್ರೋಲ್-ಕೆ ಒತ್ತಿ, ಪರದೆಯ ಗುಂಡಿಯನ್ನು ಕ್ಲಿಕ್ ಮಾಡಿ, ಕೀ ಒತ್ತಿದರೆ ಕಟ್ಟಿಕೊಳ್ಳುತ್ತದೆ. ಆಡಾಸಿಟಿಯಲ್ಲಿ ಪ್ರಿಫರೆನ್ಸಸ್‌ನಲ್ಲೇ ಇದಕ್ಕೊಂದು ಪುಟ ಇದೆ. ಗೀಟು ಎಳೆಯುವ ಹಾಳೆ ಎಲ್ಲಕ್ಕೂ ಅದೇ.

ಹೋದ ವಾರ ಹೊಸ ಹಾಡಿಗೆ ಕೂತಾಗ ಮತ್ತೆ ಗೀಟು ಎಳೆದೆ. ಮತ್ತೆ ಮೊದಲಿಂದ 41 ಸಲ. ಹಿಂದಿಗಿಂತ ಜಾಸ್ತಿ, ಏಕೆಂದರೆ ಈಗ ಇನ್ನೊಂದು ಸಲ ಹಾಡಲು ಬೇಜಾರಿಲ್ಲ. ಕೀ ಒತ್ತಿದ್ದೂ 41 ಸಲವೇ. ಗಿಟಾರ್ ತೊಡೆಯಿಂದ ಇಳಿದದ್ದು ಎರಡು ಸಲ, ಎರಡೂ ನೀರು ಕುಡಿಯಲು. ಇನ್ನು ಮಿಡಿ ಎಡಿಟರ್ ಸೆಕ್ಷನ್ ಬಾಕಿ ಇದೆ. ಅದಕ್ಕೆ ಹೊಸ ಹಾಳೆ ಗೋಡೆಗೆ ಅಂಟಿಸಿದ್ದೇನೆ. ಅದರಲ್ಲಿ ಈಗ ಏಳು ಗೀಟುಗಳಿವೆ.